ಸೂಜಿಗಿಂತ ಕಷಾಯಕ್ಕೆ ಹೆಚ್ಚು ಎಚ್ಚರ: ಅಕ್ಯುಪಂಕ್ಚರ್ ಮತ್ತು ಚೀನೀ ವೈದ್ಯಪದ್ಧತಿಗೆ ಹೋಗುವವರಿಗೆ ಒಂದು ಮಾರ್ಗದರ್ಶಿ

ಸೊಂಟನೋವು, ಮಂಡಿನೋವು, ಅರೆತಲೆನೋವುಗಳಿಗೆ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬೇಕೆಂದಿರುವ ಓದುಗರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಮೂರೇ: ಚುಚ್ಚಿದರೆ ನೋವಾಗುತ್ತದೆಯೇ, ಎಷ್ಟು ಸಲ ಹೋಗಬೇಕು, ಈಗ ನುಂಗುತ್ತಿರುವ ಮಾತ್ರೆಗಳನ್ನು ಬಿಡಬಹುದೇ. ಇವಕ್ಕೆ ಉತ್ತರ ಚಿಕ್ಕದು. ನೋವು ಅಲ್ಪ; ಸಾಮಾನ್ಯವಾಗಿ 6ರಿಂದ 12 ಭೇಟಿಗಳು; ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ಬಿಡಕೂಡದು. ಆದರೆ ಕೆಲವೆಡೆ ಚಿಕಿತ್ಸೆಯ ಕೊನೆಯಲ್ಲಿ ಕೈಗೆ ಬರುವ ಗಿಡಮೂಲಿಕೆಯ ಪೊಟ್ಟಣದಲ್ಲಿ ಏನಿದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ತೀರ ಕಡಿಮೆ. ಸೂಜಿಯನ್ನು ಕಂಡು ಬೆವರುವವರು ಕಷಾಯವನ್ನು ಎರಡನೆಯ ಯೋಚನೆಯಿಲ್ಲದೆ ಕುಡಿಯುತ್ತಾರೆ. ಅಪಾಯದ ಲೆಕ್ಕ ನೋಡಿದರೆ ಈ ಭಯ ತಿರುಗುಮುರುಗಾಗಿದೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅದೇ.

ಮೊದಲು ಕೆಲವು ಪದಗಳು

ಚಿಕಿತ್ಸಕರ ಬಾಯಲ್ಲಿ ನೀವು ಮತ್ತೆ ಮತ್ತೆ ಕೇಳುವ ಪದ ‘ಚೀ’. ದೇಹದಲ್ಲಿ ಹರಿಯುವ ಶಕ್ತಿ ಎಂಬುದು ಅದರ ಸ್ಥೂಲ ಅರ್ಥ. ಅದು ಹರಿಯುವ ದಾರಿಗಳಿಗೆ ‘ಮೆರಿಡಿಯನ್’ ಎನ್ನುತ್ತಾರೆ. ಇಂಥ 14 ಮುಖ್ಯ ದಾರಿಗಳ ಮೇಲೆ 361 ಬಿಂದುಗಳನ್ನು ಗುರುತಿಸಲಾಗಿದೆ; ಅಕ್ಯುಪಂಕ್ಚರ್‌ನಲ್ಲಿ ಸೂಜಿ ಹಾಕುವುದು ಇಂಥ ಬಿಂದುಗಳಲ್ಲಿ. ಶೀತಕ್ಕೂ ನಿಶ್ಚಲತೆಗೂ ‘ಯಿನ್’, ಉಷ್ಣಕ್ಕೂ ಚಲನೆಗೂ ‘ಯಾಂಗ್’ ಎಂಬ ಹೆಸರು. ಪರಂಗಿ ಉಷ್ಣ, ಎಳನೀರು ತಂಪು ಎಂಬ ಮಾತಿನಲ್ಲೇ ಬೆಳೆದ ನಮಗೆ ಈ ಭಾಷೆ ಅಪರಿಚಿತವೆನಿಸುವುದಿಲ್ಲ. ಹಾಗೆಂದು ಎರಡೂ ಒಂದೇ ಎಂದು ಭಾವಿಸಬೇಡಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಚೀನೀ ಪದ್ಧತಿಯಲ್ಲಿ ‘ಕಿಡ್ನಿ’, ‘ಲಿವರ್’ ಎಂದರೆ ಕೇವಲ ಆ ಅಂಗಗಳಲ್ಲ, ಹಲವು ಕ್ರಿಯೆಗಳ ಒಂದೊಂದು ಗುಂಪು. ‘ನಿಮ್ಮ ಕಿಡ್ನಿಯ ಚೀ ದುರ್ಬಲವಾಗಿದೆ’ ಎಂದು ಕೇಳಿದವರು ಗಾಬರಿಯಿಂದ ಪ್ರಯೋಗಾಲಯಕ್ಕೆ ಓಡಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ. ಹಾಗೆಯೇ, ‘ಕಿಡ್ನಿ ಚೆನ್ನಾಗಿದೆ’ ಎಂಬ ಮಾತನ್ನು ನೆಚ್ಚಿ ನಿಜವಾದ ಮೂತ್ರಪಿಂಡದ ರೋಗಿ ತನ್ನ ಪರೀಕ್ಷೆಗಳನ್ನು ತಪ್ಪಿಸಲೂಬಾರದು. ಅದು ಬೇರೆ ನಕ್ಷೆ. ಅದರಲ್ಲಿ ಊರುಗಳ ಹೆಸರು ಮಾತ್ರ ಒಂದೇ.

ಬಿಂದುಗಳನ್ನು ಬೆರಳಿನಿಂದ ಒತ್ತುವುದು ಅಕ್ಯುಪ್ರೆಶರ್. ಫಿಸಿಯೊಥೆರಪಿಸ್ಟರು ಬಿಗಿದುಕೊಂಡ ಸ್ನಾಯುವಿಗೆ ಸೂಜಿ ಹಾಕುವುದು ಡ್ರೈ ನೀಡ್ಲಿಂಗ್. ಅದಕ್ಕೆ ಚೀ, ಮೆರಿಡಿಯನ್‌ಗಳ ಗೊಡವೆಯಿಲ್ಲ. ನೀವು ಹಣ ಕೊಡುತ್ತಿರುವುದು ಇವುಗಳಲ್ಲಿ ಯಾವುದಕ್ಕೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಹಂತ 1: ನಿಮ್ಮ ತೊಂದರೆ ಇದಕ್ಕೆ ತಕ್ಕದ್ದೇ?

ಮೂರು ತಿಂಗಳಿಗೂ ಮೀರಿ ಕಾಡುವ ಸೊಂಟ, ಕುತ್ತಿಗೆ, ಮಂಡಿಗಳ ನೋವು, ಪದೇ ಪದೇ ಬರುವ ತಲೆನೋವು ಮತ್ತು ಅರೆತಲೆನೋವು, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ: ಇವುಗಳ ಮೇಲೆ ಸಾಕಷ್ಟು ಅಧ್ಯಯನಗಳು ನಡೆದಿದ್ದು, ಅನೇಕರಿಗೆ ಒಂದಿಷ್ಟು ಉಪಶಮನ ಸಿಕ್ಕಿರುವುದು ಅವುಗಳಲ್ಲಿ ದಾಖಲಾಗಿದೆ. ಆ ಉಪಶಮನ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತ್ರ ಒಮ್ಮತವಿಲ್ಲ. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಹಾಕಿದರು. ಇನ್ನೊಂದಕ್ಕೆ ಬಿಂದುವಲ್ಲದ ಕಡೆ, ಮೇಲುಮೇಲೆ ಚುಚ್ಚಿದರು. ಮೂರನೆಯದಕ್ಕೆ ಮಾಮೂಲಿನ ಔಷಧ ಮತ್ತು ವ್ಯಾಯಾಮ ಕೊಟ್ಟರು. ಆರು ತಿಂಗಳ ಬಳಿಕ ಸುಧಾರಿಸಿದವರು ಕ್ರಮವಾಗಿ ಶೇ 47.6, ಶೇ 44.2 ಮತ್ತು ಶೇ 27.4. ಮಾಮೂಲು ಚಿಕಿತ್ಸೆಗಿಂತ ಸೂಜಿ ಮೇಲಾಯಿತು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಸರ್ಕಾರಿ ವ್ಯವಸ್ಥೆಗಳೂ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ದೀರ್ಘಕಾಲದ ಸೊಂಟನೋವಿಗೆ ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ 2020ರಿಂದ ಅಕ್ಯುಪಂಕ್ಚರ್ ವೆಚ್ಚ ಭರಿಸುತ್ತಿದೆ. ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟನೋವಿಗೆ ಇದನ್ನು ಕೊಡಬೇಡಿ ಎಂದು 2016ರಲ್ಲಿ ಹೇಳಿ, ಸ್ಪಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗಾದರೆ ಪರಿಗಣಿಸಬಹುದು ಎಂದು 2021ರಲ್ಲಿ ಹೇಳಿತು. ಹೀಗಾಗಿ ‘ಶೇ ನೂರು ಗುಣ’ ಎನ್ನುವವರನ್ನೂ ‘ಪೂರ್ತಿ ಮೋಸ’ ಎನ್ನುವವರನ್ನೂ ನಾನು ಒಂದೇ ದೂರದಲ್ಲಿ ಇಡುತ್ತೇನೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಕ್ಯಾನ್ಸರ್‌ಗಳಿಗೆ ಇದು ಬದಲಿ ಚಿಕಿತ್ಸೆಯಲ್ಲ. ಇನ್ಸುಲಿನ್ ನಿಲ್ಲಿಸಿ ಎನ್ನುವವರ ಕೋಣೆಯಿಂದ ಎದ್ದು ಬನ್ನಿ.

ಕೆಲವು ಲಕ್ಷಣಗಳಿದ್ದರೆ ಸೂಜಿಯ ಮಾತೇ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು, ಕಾಲಿನ ಬಲ ಕುಂದುವುದು, ಹಿಂದೆಂದೂ ಕಾಣದಷ್ಟು ತೀವ್ರವಾದ ತಲೆನೋವು ಹಠಾತ್ತನೆ ಬರುವುದು, ಎದೆನೋವು, ಜ್ವರದೊಂದಿಗೆ ಅಥವಾ ಕಾರಣವಿಲ್ಲದ ತೂಕ ಇಳಿಕೆಯೊಂದಿಗೆ ಬರುವ ಬೆನ್ನುನೋವು ಇವುಗಳಲ್ಲಿ ಮುಖ್ಯವಾದವು.

ಹಂತ 2: ಚಿಕಿತ್ಸಕರನ್ನು ಆರಿಸುವುದು

1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರ ಹೆಸರು ಎಲ್ಲರಿಗೂ ಗೊತ್ತು. ಅದೇ ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು ಅವರು ಮುಂದೆ ಈ ಚಿಕಿತ್ಸೆಯನ್ನು ಚೀನಾದಲ್ಲಿ ಕಲಿತು ಕಲ್ಕತ್ತೆಗೆ ತಂದರು. ಅಕ್ಯುಪಂಕ್ಚರ್‌ಗೆಂದೇ ಪಶ್ಚಿಮ ಬಂಗಾಳ 1996ರಲ್ಲೇ ಕಾಯ್ದೆ ಮಾಡಿದ್ದರ ಹಿಂದೆ ಈ ಪರಂಪರೆಯಿದೆ. ಆಮೇಲೆ ಮಹಾರಾಷ್ಟ್ರವೂ ಕಾಯ್ದೆ ಮಾಡಿ ಪ್ರತ್ಯೇಕ ಪರಿಷತ್ತು ರಚಿಸಿತು. ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮಾನ್ಯ ಮಾಡಿತು. ಕರ್ನಾಟಕದಲ್ಲಿ ನಿಮಗೆ ಹೆಚ್ಚಾಗಿ ಎದುರಾಗುವವರು ಬಿಎನ್‌ವೈಎಸ್ ಪದವೀಧರರು, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದಲ್ಲಿ ಐದೂವರೆ ವರ್ಷದ ಪದವಿ ಪಡೆದ ವೈದ್ಯರು. ಅಕ್ಯುಪಂಕ್ಚರ್ ಅವರ ಪಠ್ಯದ ಭಾಗ. ಅವರ ನಡುವೆಯೇ ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದು ಫಲಕ ಹಾಕಿದವರೂ ಇದ್ದಾರೆ. ಗೋಡೆಯ ಮೇಲಿನ ಚೌಕಟ್ಟು ಎರಡಕ್ಕೂ ಒಂದೇ ತರಹ ಇರುತ್ತದೆ. ಹಾಗಾಗಿ ಪದವಿ ಯಾವುದು, ಎಷ್ಟು ವರ್ಷದ್ದು, ನೋಂದಣಿ ಸಂಖ್ಯೆ ಏನು ಎಂದು ಬಾಯಿಬಿಟ್ಟು ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಕೆಲಸ ಸ್ವಲ್ಪ ಸುಲಭ. ಸಿಂಗಪುರದಲ್ಲಿ ಚೀನೀ ಪದ್ಧತಿಯ ವೈದ್ಯರು 2000ದ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಆಸ್ಟ್ರೇಲಿಯಾದಲ್ಲಿ 2012ರಿಂದ ರಾಷ್ಟ್ರಮಟ್ಟದ ನೋಂದಣಿಯಿದೆ. ಅಮೆರಿಕದ ಬಹುತೇಕ ರಾಜ್ಯಗಳು ಪರವಾನಗಿ ಕೊಡುತ್ತವೆ. ಈ ಪಟ್ಟಿಗಳನ್ನು ಅಂತರ್ಜಾಲದಲ್ಲಿ ನೀವೇ ನೋಡಬಹುದು. ಬ್ರಿಟನ್ನಿನಲ್ಲಿ ಇಂಥ ಕಾಯ್ದೆಬದ್ಧ ನೋಂದಣಿ ಇಲ್ಲ, ಸ್ವಯಂಪ್ರೇರಿತ ಸಂಘಗಳ ಸದಸ್ಯತ್ವ ಮಾತ್ರ ಇದೆ.

ಶುಲ್ಕವನ್ನು ಭೇಟಿಯೊಂದಕ್ಕೆ ಎಷ್ಟು ಎಂದೇ ಕೇಳಿ. ಇಪ್ಪತ್ತು ಮೂವತ್ತು ಭೇಟಿಗಳ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವ ‘ಪ್ಯಾಕೇಜ್’ ಒಪ್ಪಬೇಡಿ. ಮಧ್ಯದಲ್ಲಿ ಬಿಡುವ ನಿಮ್ಮ ಸ್ವಾತಂತ್ರ್ಯವನ್ನು ಅದು ಕಿತ್ತುಕೊಳ್ಳುತ್ತದೆ.

ಹಂತ 3: ಹೋಗುವ ದಿನ

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಏನೂ ತಿನ್ನದೆ ಬಂದರೆ ಸೂಜಿ ಹಾಕಿದಾಗ ತಲೆ ಸುತ್ತಬಹುದು. ಒಂದೆರಡು ಗಂಟೆ ಮೊದಲು ಹಗುರವಾಗಿ ಎರಡು ಇಡ್ಲಿಯನ್ನಾದರೂ ತಿಂದಿರಿ. ಹೊಟ್ಟೆ ಬಿರಿಯುವ ಊಟವೂ ಬೇಡ. ಮೊಣಕಾಲಿನ ಮೇಲಕ್ಕೂ ಮೊಣಕೈಯ ಮೇಲಕ್ಕೂ ಸರಿಸಲು ಬರುವ ಸಡಿಲ ಬಟ್ಟೆ ಧರಿಸಿ. ಮಹಿಳೆಯರಿಗೆ ಬೆನ್ನಿನ ಚಿಕಿತ್ಸೆಯಿದ್ದರೆ ಸೀರೆಗಿಂತ ಚೂಡಿದಾರ ಅನುಕೂಲ. ಜೊತೆಗೆ ಮಹಿಳಾ ಸಹಾಯಕಿ ಇರಬೇಕೆಂದು ಕೇಳಲು ಸಂಕೋಚಪಡಬೇಡಿ.

ನಾಲಿಗೆಯನ್ನು ನೋಡಿ ಪರೀಕ್ಷಿಸುವುದು ಈ ಪದ್ಧತಿಯ ಕ್ರಮ. ಆದ್ದರಿಂದ ಆ ದಿನ ನಾಲಿಗೆ ಹೆರೆಯುವ ಪಟ್ಟಿಯನ್ನು ಬಳಸಬೇಡಿ; ಕಾಫಿ, ಅರಿಸಿನದ ಹಾಲು, ಎಲೆಅಡಿಕೆ ಬಣ್ಣ ಬಿಡುವುದರಿಂದ ಅವುಗಳನ್ನೂ ಭೇಟಿಯ ನಂತರಕ್ಕೆ ಮುಂದೂಡಿ.

ನೀವು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ. ರಕ್ತ ತೆಳುಮಾಡುವ ವಾರ್‌ಫರಿನ್‌ನಂಥ ಮಾತ್ರೆ, ಪೇಸ್‌ಮೇಕರ್, ಹೃದಯದ ಕವಾಟದ ತೊಂದರೆ, ಅಪಸ್ಮಾರ, ಗರ್ಭ: ಇವುಗಳಲ್ಲಿ ಯಾವುದಿದ್ದರೂ ಅವರು ಕೇಳದಿದ್ದರೂ ನೀವಾಗಿಯೇ ಹೇಳಬೇಕು. ಗರ್ಭಿಣಿಯರಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಬಿಂದು, ಕಾಲಿನ ಒಳಮಗ್ಗುಲಲ್ಲಿ ಹರಡಿನ ಮೇಲಿರುವ ಬಿಂದು ಮುಂತಾದವನ್ನು ಸಂಪ್ರದಾಯದಂತೆ ವರ್ಜಿಸುತ್ತಾರೆ.

ಕೊನೆಯದಾಗಿ, ಮೊದಲ ಸೂಜಿಗೆ ಮುಂಚೆಯೇ ಒಂದು ಪುಟದಲ್ಲಿ ನಿಮ್ಮ ನೋವಿಗೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ಈಗ ಮಾಡಲಾಗದ ಎರಡು ಕೆಲಸಗಳನ್ನು ಬರೆದಿಡಿ. ಉದಾಹರಣೆಗೆ, ‘ನೆಲದ ಮೇಲೆ ಕೂತು ಏಳಲು ಆಗುವುದಿಲ್ಲ’, ‘ಬಸ್ಸಿನಲ್ಲಿ ಅರ್ಧ ಗಂಟೆ ನಿಲ್ಲಲು ಆಗುವುದಿಲ್ಲ’. ಈ ಪುಟವನ್ನು ಕಳೆಯಬೇಡಿ.

ಹಂತ 4: ಮೊದಲ ಭೇಟಿಯ ವಿಚಾರಣೆ

ಮೊದಲ ಭೇಟಿಗೆ ಸುಮಾರು ಒಂದು ಗಂಟೆ ಹಿಡಿಯಬಹುದು. ನೋಡುವುದು, ಆಲಿಸುವುದು ಮತ್ತು ವಾಸನೆ ಗ್ರಹಿಸುವುದು, ಕೇಳುವುದು, ಮುಟ್ಟುವುದು ಎಂಬ ನಾಲ್ಕು ಪರೀಕ್ಷೆಗಳಿವೆ. ಮಂಡಿನೋವಿಗೆ ಬಂದ ನಿಮ್ಮನ್ನು ನಿದ್ದೆ, ಬಾಯಾರಿಕೆ, ಮಲವಿಸರ್ಜನೆ, ಮುಟ್ಟು, ಬೆವರುಗಳ ಬಗ್ಗೆ ಕೇಳಿದರೆ ಆಶ್ಚರ್ಯಪಡಬೇಡಿ. ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು, ಒಮ್ಮೆ ಹಗುರವಾಗಿ, ಒಮ್ಮೆ ಆಳಕ್ಕೆ ಒತ್ತಿ ನಾಡಿ ನೋಡುತ್ತಾರೆ. ನಮ್ಮ ನಾಡಿವೈದ್ಯರೂ ಮೂರು ಬೆರಳಿಡುತ್ತಾರೆ, ಆದರೆ ಅವರು ಹುಡುಕುವುದು ವಾತ, ಪಿತ್ತ, ಕಫಗಳನ್ನು. ಇವರು ಒಂದೊಂದು ಬೆರಳಿನಡಿಯ ಜಾಗವನ್ನು ಒಂದೊಂದು ಅಂಗಕ್ಕೆ ಹೊಂದಿಸುತ್ತಾರೆ. ಎಕ್ಸ್‌ರೇ, ರಕ್ತಪರೀಕ್ಷೆಗಳ ಜಾಗದಲ್ಲಿ ನಾಡಿಯನ್ನು ಕೂರಿಸುವುದು ಮಾತ್ರ ತಪ್ಪು; ಒಳ್ಳೆಯ ಚಿಕಿತ್ಸಕರು ನಿಮ್ಮ ಹಳೆಯ ವರದಿಗಳನ್ನೂ ತರಲು ಹೇಳುತ್ತಾರೆ.

ಹಂತ 5: ಸೂಜಿ

ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಹರಿಯಬೇಕು. ಒಂದೇ ಸಲ ಬಳಸುವ, ಕ್ರಿಮಿಶುದ್ಧ ಮಾಡಿದ ಸೂಜಿ ಎಂದೂ ಬಳಕೆಯ ಕೊನೆಯ ದಿನಾಂಕವೂ ಅದರ ಮೇಲಿರುತ್ತವೆ. ‘ನಿಮ್ಮ ಸೂಜಿಗಳನ್ನು ನಿಮ್ಮ ಹೆಸರಿನ ಡಬ್ಬಿಯಲ್ಲೇ ಇಟ್ಟಿದ್ದೇವೆ, ಮುಂದಿನ ಸಲಕ್ಕೂ ಅವೇ’ ಎಂದರೆ ಒಪ್ಪಬೇಡಿ. ಮರುಬಳಕೆಯ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ.

ಈ ಸೂಜಿ ಚುಚ್ಚುಮದ್ದಿನ ಸೂಜಿಯಂತೆ ಟೊಳ್ಳಲ್ಲ. ಸಾಮಾನ್ಯವಾಗಿ 0.25 ಮಿಲಿಮೀಟರ್ ದಪ್ಪದ, ಬಾಗುವಷ್ಟು ತೆಳುವಾದ ಉಕ್ಕಿನ ಎಳೆ ಅದು. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಗಲ ಬಿಟ್ಟು, ಮೊಣಕಾಲೆಲುಬಿನ ಹೊರಮಗ್ಗುಲಲ್ಲಿರುವ ‘ಝೂಸಾನ್ಲಿ’ ಎಂಬ ಬಿಂದುವನ್ನೇ ತೆಗೆದುಕೊಳ್ಳೋಣ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದನ್ನು ಚರ್ಮದ ಮೇಲಿಟ್ಟು, ಅದರಿಂದ ತುಸುವೇ ಮೇಲೆ ಇಣುಕುವ ಸೂಜಿಯ ತುದಿಯನ್ನು ಬೆರಳಿನಿಂದ ಟಕ್ಕೆಂದು ತಟ್ಟುತ್ತಾರೆ. ಆಗ ಆಗುವುದು ಇರುವೆ ಕಚ್ಚಿದಷ್ಟು. ಕೊಳವೆ ತೆಗೆದು ಸೂಜಿಯನ್ನು ಇನ್ನಷ್ಟು ಒಳಕ್ಕೆ ಸರಿಸಿ ಮೆಲ್ಲಗೆ ತಿರುಗಿಸಿದಾಗ ಬೇರೊಂದು ಅನುಭವವಾಗುತ್ತದೆ: ಮಂದವಾದ ಭಾರ, ಜೋಮು, ಒಳಗಿನಿಂದ ಯಾರೋ ಎಳೆದು ಹಿಡಿದಂಥ ಬಿಗಿ, ಕೆಲವೊಮ್ಮೆ ಅದು ಪಾದದವರೆಗೂ ಇಳಿಯುತ್ತದೆ. ಇದಕ್ಕೆ ‘ದಚೀ’ ಎನ್ನುತ್ತಾರೆ. ಚೀ ಸಿಕ್ಕಿತು ಎಂದರ್ಥ. ಇದು ಅಪೇಕ್ಷಿತ. ಆದರೆ ಚುರುಕ್ಕೆಂದು ಕರೆಂಟು ಹೊಡೆದಂತಾದರೆ ಅಥವಾ ತೀವ್ರ ಉರಿಯಾದರೆ ಸೂಜಿ ನರಕ್ಕೋ ರಕ್ತನಾಳಕ್ಕೋ ತಾಗಿರಬಹುದು. ಹಲ್ಲು ಕಚ್ಚಿ ಸಹಿಸದೆ ತಕ್ಷಣ ಹೇಳಿ.

ಸೂಜಿಗಳನ್ನು 15ರಿಂದ 30 ನಿಮಿಷ ಹಾಗೆಯೇ ಬಿಡುತ್ತಾರೆ. ಆ ಹೊತ್ತಿನಲ್ಲಿ ಮಗ್ಗುಲು ಬದಲಿಸಬಾರದು, ಮೊಬೈಲು ನೋಡಲು ಕೈ ಎತ್ತಬಾರದು. ಬೆವರು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ಕರೆಯಿರಿ. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನು ಮಲಗುವ ಮೊದಲೇ ಖಚಿತಪಡಿಸಿಕೊಳ್ಳಿ.

ಹಾಕುವಾಗ ಎಷ್ಟು ಸೂಜಿ ಎಂದು ಎಣಿಸಿ, ತೆಗೆಯುವಾಗಲೂ ಎಣಿಸಿ. ಕೇಳಲು ತಮಾಷೆಯೆನಿಸಬಹುದು, ತಲೆಗೂದಲಿನ ನಡುವೆ ಉಳಿದ ಸೂಜಿ ಮನೆಗೆ ಹೋಗಿ ತಲೆ ಬಾಚುವಾಗ ಸಿಗುವುದು ಈ ಚಿಕಿತ್ಸೆಯ ಹಳೆಯ ಎಡವಟ್ಟು. ತೆಗೆದ ಸೂಜಿಗಳು ಕಸದ ಬುಟ್ಟಿಗಲ್ಲ, ಚುಚ್ಚಿ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಕ್ಕೆ ಹೋಗಬೇಕು. 2016ರ ವೈದ್ಯಕೀಯ ತ್ಯಾಜ್ಯ ನಿಯಮವೂ ಇದನ್ನೇ ಹೇಳುತ್ತದೆ.

ಹಂತ 6: ಸೂಜಿಯ ಜೊತೆ ಬರುವ ಇತರ ಚಿಕಿತ್ಸೆಗಳು

ಸೂಜಿಗಳಿಗೆ ತಂತಿ ಸಿಕ್ಕಿಸಿ ಅಲ್ಪ ವಿದ್ಯುತ್ ಹರಿಸುವುದುಂಟು. ಪೇಸ್‌ಮೇಕರ್ ಇರುವವರಿಗೆ ಇದು ಬೇಡ. ಕಪ್ಪಿಂಗ್ ಎಂದರೆ ಬಟ್ಟಲು ಕವುಚಿ ಒಳಗಿನ ಗಾಳಿ ತೆಗೆದು ಚರ್ಮವನ್ನು ಮೇಲಕ್ಕೆ ಎಳೆಯುವುದು. ಇದರಿಂದ ಮೂಡುವ ನೇರಳೆ ವೃತ್ತಗಳು ಮಾಯಲು ಒಂದೆರಡು ವಾರ ಬೇಕಾಗಬಹುದಾದ್ದರಿಂದ, ಮನೆಯಲ್ಲಿ ಮದುವೆಯಿದ್ದರೆ ಮುಂದೂಡಿ. ಮಾಕ್ಸಾ ಎಂದರೆ ಒಣಗಿಸಿದ ಎಲೆಯ ಬತ್ತಿ ಹಚ್ಚಿ ಬಿಂದುವಿನ ಹತ್ತಿರ ಹಿಡಿದು ಕಾವು ಕೊಡುವುದು. ಆ ಎಲೆ ನಮ್ಮ ದವನ, ಮಾಚಿಪತ್ರೆಗಳ ಕುಲದ್ದೇ. ಹೊಗೆಯ ವಾಸನೆ ಬಟ್ಟೆಯಲ್ಲಿ ದಿನವಿಡೀ ಉಳಿಯುತ್ತದೆ, ಉಬ್ಬಸವಿರುವವರಿಗೆ ಆಗಿಬರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರಿಗೆ ಸುಟ್ಟದ್ದೇ ತಿಳಿಯುವುದಿಲ್ಲವಾದ್ದರಿಂದ ಅವರು ಕಾಲಿಗೆ ಮಾಕ್ಸಾ ಹಾಕಿಸಿಕೊಳ್ಳಬಾರದು. ಕಿವಿಯಲ್ಲಿ ದಿನಗಟ್ಟಲೆ ಬಿಡುವ ಪುಟ್ಟ ಸೂಜಿಗಳು ಹೃದಯದ ಕವಾಟದ ತೊಂದರೆಯಿರುವವರಿಗೆ ಸೋಂಕಿನ ಅಪಾಯ ತರುತ್ತವೆ.

ಹಂತ 7: ಮನೆಗೆ ಮರಳಿದ ಮೇಲೆ

ಕೆಲವರಿಗೆ ಮಂಪರು ಬರುತ್ತದೆ. ಹತ್ತು ನಿಮಿಷ ಕೂತು, ನೀರು ಕುಡಿದು, ಆಮೇಲೆ ಸ್ಕೂಟರ್ ಹತ್ತಿ. ಚುಚ್ಚಿದ ಕಡೆ ಒಂದು ಹನಿ ರಕ್ತ, ಸಣ್ಣ ಕಂದು ಕಲೆ, ಒಂದು ದಿನದ ಮಟ್ಟಿಗೆ ನೋವು ತುಸು ಹೆಚ್ಚುವುದು ಸಾಮಾನ್ಯ. ತರಬೇತಾದ ಕೈಗಳಲ್ಲಿ ಗಂಭೀರ ಅಪಾಯ ವಿರಳ: ಬ್ರಿಟನ್ನಿನಲ್ಲಿ ಸುಮಾರು 34,000 ಚಿಕಿತ್ಸೆಗಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಗಂಭೀರ ಅನಾಹುತ ಒಂದೂ ವರದಿಯಾಗಿರಲಿಲ್ಲ. ವಿರಳವೆಂದರೆ ಇಲ್ಲವೆಂದಲ್ಲ. ಎದೆ, ಹೆಗಲು, ಮೇಲ್ಬೆನ್ನಿಗೆ ಸೂಜಿ ಹಾಕಿದ ಕೆಲವು ಗಂಟೆಗಳಲ್ಲಿ ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗಿರಬಹುದು. ಚಿಕಿತ್ಸಕರಿಗೆ ಫೋನು ಮಾಡುತ್ತ ಕೂರದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಸೂಜಿ ಹಾಕಿಸಿಕೊಂಡ ವಿಷಯವನ್ನು ಮೊದಲ ಮಾತಾಗಿ ಹೇಳಿ.

ಹಂತ 8: ಕಷಾಯ, ಪುಡಿ, ಗುಳಿಗೆ

ಕರ್ನಾಟಕದ ಬಹುತೇಕ ಚಿಕಿತ್ಸಾಲಯಗಳಲ್ಲಿ ವ್ಯವಹಾರ ಸೂಜಿಗೇ ಮುಗಿಯುತ್ತದೆ. ಚೀನಾ, ಸಿಂಗಪುರ, ಅಮೆರಿಕಗಳಲ್ಲಿರುವವರಿಗೆ, ಅಲ್ಲಿಂದ ತರಿಸಿಕೊಳ್ಳುವವರಿಗೆ ಮೂಲಿಕೆಗಳೂ ಸಿಗುತ್ತವೆ. ಕಷಾಯದ ಪೊಟ್ಟಣವಾದರೆ ಅರ್ಧ ಗಂಟೆ ನೆನೆಸಿ, ಮಣ್ಣಿನ, ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಕುದಿಸಿ ಸೋಸಿ, ಅದೇ ಚರಟವನ್ನು ಮತ್ತೊಮ್ಮೆ ಕುದಿಸಿ, ಎರಡನ್ನೂ ಬೆರೆಸಿ ದಿನಕ್ಕೆರಡು ಸಲ ಕುಡಿಯುವುದು ವಾಡಿಕೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬಳಸುವುದಿಲ್ಲ.

ಈ ಮೂಲಿಕೆಗಳಲ್ಲಿ ಸತ್ವವಿಲ್ಲ ಎಂದು ಯಾರೂ ಹೇಳಲಾರರು. ಚಿಂಗ್‌ಹಾವ್ ಎಂಬ ಗಿಡದಿಂದ ಮಲೇರಿಯಾದ ಔಷಧ ಆರ್ಟಿಮಿಸಿನಿನ್ ತೆಗೆದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಸತ್ವವಿರುವುದರಿಂದಲೇ ಅಪಾಯವೂ ಇದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳಿದ್ದ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು; ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಕಾರಣ ಹೆಸರಿನ ಗೊಂದಲ. ‘ಹಾನ್ ಫಾಂಗ್‌ಜಿ’ ಎಂಬ ಬೇರಿನ ಬದಲು ‘ಗುವಾಂಗ್ ಫಾಂಗ್‌ಜಿ’ ಎಂಬ ಬೇರು ಸೇರಿಹೋಗಿತ್ತು. ಈ ಎರಡನೆಯದು ಅರಿಸ್ಟೊಲೋಕಿಯ ಎಂಬ ಸಸ್ಯಕುಲದ್ದು; ಮೂತ್ರಪಿಂಡ ಕೆಡಿಸುವ ವಿಷಾಮ್ಲವೊಂದು ಅದರಲ್ಲಿದೆ. ಹಾವಿನ ವಿಷಕ್ಕೆ ಮದ್ದೆಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಅದರಲ್ಲೂ ಅದೇ ವಿಷಾಮ್ಲವಿದೆ. ಹಾಗೆಯೇ ‘ಫೂಝ್’ ಎಂಬುದು ನಮ್ಮ ವತ್ಸನಾಭದ ಬಳಗದ ಬೇರು; ಶುದ್ಧಿ ಮಾಡದಿದ್ದರೆ, ಸಾಕಷ್ಟು ಹೊತ್ತು ಕುದಿಸದಿದ್ದರೆ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಅನೇಕ ಕಷಾಯಗಳಲ್ಲಿರುವ ಜ್ಯೇಷ್ಠಮಧು ಹೆಚ್ಚು ದಿನ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ‘ದಾನ್‌ಶೆನ್’, ‘ದಾಂಗ್‌ಗುಯ್’ ಎಂಬ ಬೇರುಗಳು ವಾರ್‌ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ.

ಆದ್ದರಿಂದ ಘಟಕಗಳ ಪಟ್ಟಿಯಿಲ್ಲದ ಪುಡಿಯನ್ನು ಮುಟ್ಟಬೇಡಿ. ಪಟ್ಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರುಗಳಿರಬೇಕು. ಚೀನೀ ಅಕ್ಷರ ಮಾತ್ರವಿದ್ದರೆ ಬರೆದು ಕೊಡಿ ಎನ್ನಿ. ತಿಂಗಳಿಗೂ ಹೆಚ್ಚು ಕಾಲ ಸೇವಿಸುವುದಾದರೆ ಆರಂಭದಲ್ಲಿ ಮತ್ತು ನಡುವೆ ಯಕೃತ್ತು ಹಾಗೂ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಎದೆ ಡವಗುಟ್ಟಿದರೆ, ತುಟಿ ಜೋಮು ಹಿಡಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಪೊಟ್ಟಣವನ್ನೂ ಒಯ್ಯಿರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ರೋಗಿಗಳು ಈ ಹಂತವನ್ನು ಪೂರ್ತಿಯಾಗಿ ಬಿಡುವುದೇ ಸರಿ. ಚಿಪ್ಪುಹಂದಿಯ ಚಿಪ್ಪು, ಕರಡಿಯ ಪಿತ್ತದಂಥ ವನ್ಯಜೀವಿ ಪದಾರ್ಥಗಳನ್ನು ಊರಿಗೆ ತಂದರೆ ಆರೋಗ್ಯದ ಜೊತೆ ಕಾನೂನಿನ ತೊಂದರೆಯೂ ಗಂಟುಬೀಳುತ್ತದೆ.

ಹಂತ 9: ಮುಂದುವರಿಸುವುದೋ, ನಿಲ್ಲಿಸುವುದೋ

ಸಾಮಾನ್ಯವಾಗಿ ವಾರಕ್ಕೆ ಒಂದೋ ಎರಡೋ ಭೇಟಿ. ಆರನೆಯ ಭೇಟಿ ಮುಗಿದ ದಿನ ಹಂತ 3ರಲ್ಲಿ ಬರೆದಿಟ್ಟ ಪುಟವನ್ನು ತೆಗೆಯಿರಿ. ಅಂಕ 7ರಿಂದ 4ಕ್ಕೆ ಇಳಿದಿದ್ದರೆ, ನೆಲದ ಮೇಲೆ ಕೂತು ಏಳಲು ಆಗುತ್ತಿದ್ದರೆ, ಮುಂದುವರಿಸಲು ಅರ್ಥವಿದೆ. ಏನೂ ಬದಲಾಗದಿದ್ದರೆ ನಿಲ್ಲಿಸಿ. ‘ಮೊದಲು ಹೆಚ್ಚಾಗಿ ಆಮೇಲೆ ಕಡಿಮೆಯಾಗುತ್ತದೆ, ಇನ್ನೂ ಹತ್ತು ಸಲ ಬನ್ನಿ’ ಎಂಬ ಮಾತಿಗೆ ಜಗ್ಗಬೇಡಿ. ಮೆಡಿಕೇರ್ ಕೂಡ 90 ದಿನಗಳಲ್ಲಿ 12 ಭೇಟಿಗಳಿಗೆ ಮಾತ್ರ ಹಣ ಕೊಡುತ್ತದೆ; ಸುಧಾರಣೆ ಕಂಡರಷ್ಟೇ ಇನ್ನೂ 8, ವರ್ಷಕ್ಕೆ ಒಟ್ಟು 20 ಮೀರುವಂತಿಲ್ಲ.

ನೋವು ಇಳಿದವರು ನೋವಿನ ಮಾತ್ರೆಯನ್ನು ಕಡಿಮೆ ಮಾಡುವ ವಿಚಾರವನ್ನು ತಮ್ಮ ಡಾಕ್ಟರ ಮುಂದಿಟ್ಟು ಹಂತಹಂತವಾಗಿ ಮಾಡಬೇಕು. ಸೂಜಿ ಹಾಕಿಸಿಕೊಳ್ಳುತ್ತಿರುವುದನ್ನು ಡಾಕ್ಟರಿಂದ ಮುಚ್ಚಿಡುವವರೇ ಹೆಚ್ಚು, ಬೈಯುತ್ತಾರೆಂಬ ಅಂಜಿಕೆ. ಬೈದರೂ ಚಿಂತೆಯಿಲ್ಲ; ಭೇಟಿಗಳ ದಿನಾಂಕ, ಸೂಜಿ ಹಾಕಿದ ಜಾಗ, ಕುಡಿದ ಮೂಲಿಕೆಗಳ ಹೆಸರು ಇರುವ ಹಾಳೆಯನ್ನು ಅವರ ಕಡತಕ್ಕೆ ಸೇರಿಸಲು ಹೇಳಿ. ಮುಂದೆ ಶಸ್ತ್ರಚಿಕಿತ್ಸೆ ಬಂದರೆ, ಎರಡು ವಾರ ಮೊದಲೇ ಕಷಾಯ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೂ ಆ ಹಾಳೆಯನ್ನು ತೋರಿಸಿ.